ಚುಕ್ಕಿ ಹೊತ್ತ ಕಡತಗಳು

ಕುಟುಂಬದ ಫೋಟೊಗಳೆಲ್ಲ ಒಂದೇ ಕಡೆ ಇರಬೇಕೆಂಬುದು ನಮ್ಮ ದೊಡ್ಡಪ್ಪನ ಹಟ. ಕ್ಲೌಡ್‌ನಲ್ಲಿ ಫೋಲ್ಡರ್ ತೆರೆದು ಬಂಧುಗಳಿಗೆಲ್ಲ ಅದರ ಕೊಂಡಿ ಕಳುಹಿಸಿದವರೂ ಅವರೇ. ನಾನು ನನ್ನ ಮ್ಯಾಕ್ ಕಂಪ್ಯೂಟರಿನಿಂದ ಪ್ರವಾಸದ ಫೋಟೊಗಳನ್ನು ಪೆನ್‌ಡ್ರೈವ್‌ಗೆ ತುಂಬಿಸಿ ಕೊಟ್ಟೆ. ಅವರು ತಮ್ಮ ವಿಂಡೋಸ್ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿ, ಇದ್ದದ್ದನ್ನೆಲ್ಲ ಇಡಿಯಾಗಿ ಕ್ಲೌಡ್‌ಗೆ ಏರಿಸಿದರು. ರಾತ್ರಿ ಫೋನ್ ಬಂತು.

“ನೀನು ಕೊಟ್ಟ ಫೋಟೊಗಳಲ್ಲಿ ಅರ್ಧಕ್ಕರ್ಧ ಕೆಟ್ಟಿವೆಯಪ್ಪಾ. ಪ್ರತಿಯೊಂದೂ ಎರಡೆರಡು ಇದೆ. ಒಂದು ತೆರೆಯುತ್ತದೆ, ಅದರ ಜೋಡಿ ಜಪ್ಪಯ್ಯ ಎಂದರೂ ತೆರೆಯುವುದಿಲ್ಲ.”

ನೋಡಿದರೆ ನಿಜ. ‘ಐಎಂಜಿ_4471.ಜೆಪಿಜಿ’ ಎಂಬ ಫೋಟೊದ ಪಕ್ಕದಲ್ಲೇ, ಮುಂದೆ ಒಂದು ಚುಕ್ಕಿ ಮತ್ತು ಅಡಿಗೆರೆ ಹೊತ್ತ ಅದೇ ಹೆಸರಿನ ಇನ್ನೊಂದು ಕಡತ. ನಗುವ ಮುಖಗಳಿರಬೇಕಾದ ಜಾಗದಲ್ಲಿ ಬೂದುಬಣ್ಣದ ಚೌಕ. ಮೂಲ ಫೋಟೊ ಎಷ್ಟೇ ಎಂಬಿ ತೂಗಲಿ, ಇದರ ತೂಕ ಮಾತ್ರ ಸಾಮಾನ್ಯವಾಗಿ 4 ಕೆಬಿ.

ಇದು ಕೆಟ್ಟ ಫೋಟೊ ಅಲ್ಲ, ಫೋಟೊವೇ ಅಲ್ಲ. 1984ರಲ್ಲಿ ಬಂದ ಮೊದಲ ಮ್ಯಾಕ್‌ನಲ್ಲಿ ಒಂದೊಂದು ಕಡತಕ್ಕೂ ಎರಡು ಕವಲು ಇರಬಹುದಿತ್ತು: ಒಂದರಲ್ಲಿ ವಿಷಯ, ಇನ್ನೊಂದರಲ್ಲಿ ಐಕಾನ್ ಮುಂತಾದ ಸಾಮಗ್ರಿ. ಆ ಅಭ್ಯಾಸ ಬೇರೆ ರೂಪದಲ್ಲಿ ಇಂದಿಗೂ ಉಳಿದಿದೆ. ಕಡತಕ್ಕೆ ಹಚ್ಚಿದ ಬಣ್ಣದ ಗುರುತು, ಅದನ್ನು ಯಾವ ಜಾಲತಾಣದಿಂದ ಇಳಿಸಿಕೊಂಡದ್ದು ಎಂಬಂಥ ವಿವರಗಳನ್ನು ಮ್ಯಾಕ್ ಜೊತೆಗೇ ಒಯ್ಯುತ್ತದೆ. ಕಡತಗಳನ್ನು ಜೋಡಿಸಿಡಲು ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ಈ ಹೆಚ್ಚುವರಿ ವಿವರಕ್ಕೆ ಜಾಗವಿಲ್ಲ. ಹಾಗಾಗಿ ಸಾಹೇಬರ ಹಿಂದೆ ಫೈಲು ಹಿಡಿದು ನಡೆಯುವ ಆಪ್ತ ಕಾರ್ಯದರ್ಶಿಯಂತೆ, ಅದು ಪ್ರತ್ಯೇಕ ಕಡತವಾಗಿ ಬೆನ್ನು ಹತ್ತುತ್ತದೆ. ಮ್ಯಾಕ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಹೆಸರುಗಳು ಮರೆಯಲ್ಲಿರುವುದರಿಂದ ನನ್ನ ಕಣ್ಣಿಗೆ ಇವು ಬಿದ್ದೇ ಇರಲಿಲ್ಲ. ದೊಡ್ಡಪ್ಪನ ಮನೆಗೆ ಹೋದ ಮೇಲೆ ಸಾಲುಗಟ್ಟಿ ದರ್ಶನ ಕೊಟ್ಟವು.

ಇಷ್ಟನ್ನೂ ವಿವರಿಸಿದೆ. “ಅದೆಲ್ಲ ಇರಲಿ, ತೆಗೆಯುವುದು ಹೇಗೆ ಹೇಳು” ಎಂದರು. ಗಾತ್ರದ ಪ್ರಕಾರ ಜೋಡಿಸಿದರೆ 4 ಕೆಬಿಯವೆಲ್ಲ ಒಂದೇ ಕಡೆ ಗುಂಪುಗೂಡುತ್ತವೆ, ಹೆಸರಿನ ಮುಂದಿನ ಚುಕ್ಕಿ ನೋಡಿಕೊಂಡು ಒಟ್ಟಿಗೆ ಅಳಿಸಬಹುದು ಎಂದೆ. ಮುಂದಿನ ಸಲ ಕ್ಲೌಡ್‌ಗೆ ಏರಿಸುವ ಮೊದಲೇ ಪೆನ್‌ಡ್ರೈವ್ ಮೇಲೆ, ಇಂಥ ಚುಕ್ಕಿ ಕಡತಗಳನ್ನು ತೆಗೆದುಹಾಕುವ ಮ್ಯಾಕ್‌ನ ‘ಡಾಟ್_ಕ್ಲೀನ್’ ಆಜ್ಞೆಯನ್ನು ‘ಎಂ’ ಆಯ್ಕೆಯೊಂದಿಗೆ ಓಡಿಸಿ ಕೊಡುತ್ತೇನೆಂದೂ ಮಾತು ಕೊಟ್ಟೆ. ಅವರ ಕಿವಿಗೆ ಬಿದ್ದದ್ದು ‘ಒಟ್ಟಿಗೆ ಅಳಿಸಬಹುದು’ ಎಂಬ ಭಾಗ ಮಾತ್ರ.

‘.ಡಿಎಸ್_ಸ್ಟೋರ್’ ಎಂಬ ಮಹಾಶಯನ ಕಥೆಯೇ ಬೇರೆ. ಮ್ಯಾಕ್‌ನಲ್ಲಿ ಫೋಲ್ಡರ್ ತೆರೆದಾಗ ಐಕಾನ್‌ಗಳು ಎಲ್ಲಿದ್ದವು, ಪಟ್ಟಿಯಾಗಿ ನೋಡಿದಿರೋ ಚಿತ್ರವಾಗಿ ನೋಡಿದಿರೋ ಎಂಬುದನ್ನೆಲ್ಲ ಬರೆದಿಡುವುದು ಈತನ ಕಾಯಕ. ಅಳಿಸಬಹುದು, ಅಳಿಸಿದರೆ ಏನೂ ಹಾಳಾಗುವುದಿಲ್ಲ. ಹೋಯಿತೇ ಎಂದು ಫೋಲ್ಡರ್ ತೆರೆದು ಅತ್ತಿತ್ತ ನೋಡಿದಿರೋ, ನೋಡಿದ್ದನ್ನು ದಾಖಲಿಸಲು ಮತ್ತೆ ಹಾಜರ್! ಒಂದೇ ಫೋಲ್ಡರನ್ನು ಎರಡು ಮ್ಯಾಕ್‌ಗಳು ಹಂಚಿಕೊಂಡಿದ್ದರಂತೂ ಮುಗಿಯಿತು. ಯಾರ ಬರಹ ಸರಿಯೆಂದು ತಿಳಿಯದೆ ಕ್ಲೌಡ್ ಎರಡನ್ನೂ ಉಳಿಸಿಕೊಂಡು, ಒಂದಕ್ಕೆ ‘ಘರ್ಷಣೆಯ ಪ್ರತಿ’ ಎಂಬ ಬಾಲ ಅಂಟಿಸಿಬಿಡಬಹುದು. ಐಕಾನ್ ಎಡಕ್ಕಿತ್ತೋ ಬಲಕ್ಕಿತ್ತೋ ಎಂಬ ವಿಷಯಕ್ಕೆ ಇಷ್ಟೊಂದು ದಾಖಲೆ ಬೇಕೆ?

ಅತ್ತ ದೊಡ್ಡಪ್ಪನ ಸ್ವಚ್ಛತಾ ಕಾರ್ಯ ಭರದಿಂದ ಸಾಗಿತ್ತು. ಚಿಕ್ಕದೆಲ್ಲ ಕಸ ಎಂಬ ಸಿದ್ಧಾಂತಕ್ಕೆ ಬಂದಿದ್ದ ಅವರ ಕೈಗೆ ಚಿಕ್ಕಮ್ಮನ ಹಳೆಯ ಆಲ್ಬಮ್ ಸಿಕ್ಕಿತು. ಅದನ್ನು ಆಕೆ ಬೇರೊಂದು ಫೋಟೊ ಸೇವೆಯಿಂದ ಇಳಿಸಿ ತಂದಿದ್ದರು. ಅಲ್ಲಿಯೂ ಪ್ರತಿ ಫೋಟೊಗೆ ‘ಜೇಸನ್’ ಎಂಬ ಪುಟ್ಟ ಕಡತದ ಜೋಡಿ. ದೊಡ್ಡಪ್ಪ ಅವನ್ನೆಲ್ಲ ಗುಡಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಿದರು. ಕ್ಯಾಮೆರಾದಲ್ಲಿ ತೆಗೆದ ಫೋಟೊಗಳಿಗೆ ಇದರಿಂದ ಬಾಧೆಯಾಗಲಿಲ್ಲ, ಅವುಗಳ ದಿನಾಂಕ ಸಾಮಾನ್ಯವಾಗಿ ಒಳಗೇ ಇರುತ್ತದೆ. ಆದರೆ ಸ್ಕ್ಯಾನ್ ಮಾಡಿದ ಹಳೆಯ ಚಿತ್ರಗಳಿಗೆ ಚಿಕ್ಕಮ್ಮ ಕೂತು ಕೈಯಾರೆ ತುಂಬಿದ್ದ ವರ್ಷಗಳು ಇದ್ದದ್ದು ಆ ಜೇಸನ್‌ಗಳಲ್ಲಿ. ಅಜ್ಜಿ ಎರಡು ಜಡೆ ಹಾಕಿಕೊಂಡು ಶಾಲೆಯ ಮುಂದೆ ನಿಂತ ಕಪ್ಪು ಬಿಳುಪು ಚಿತ್ರ ಈಗ ಕಳೆದ ಮಂಗಳವಾರದ್ದು. ಚಿಕ್ಕಮ್ಮ ದೊಡ್ಡಪ್ಪನೊಡನೆ ಮಾತು ಬಿಟ್ಟರು. ಹೇಳಬೇಕಾದದ್ದನ್ನೆಲ್ಲ ನನ್ನ ಮೂಲಕ ಹೇಳಿಸಿದರು.

ಅಂದಿನಿಂದ ದೊಡ್ಡಪ್ಪ ಏನನ್ನೂ ಅಳಿಸುವುದಿಲ್ಲ, ಅಳಿಸಲು ಬಿಡುವುದೂ ಇಲ್ಲ. ಈಚೆಗೆ ಅವರ ವಿಂಡೋಸ್ ಕಂಪ್ಯೂಟರಿನಿಂದಲೇ ‘ಡೆಸ್ಕ್‌ಟಾಪ್.ಐಎನ್‌ಐ’ ಎಂಬ ಕಡತಗಳು ಬರತೊಡಗಿವೆ. ಫೋಲ್ಡರಿನ ಐಕಾನ್ ಹೇಗಿರಬೇಕೆಂದು ಬರೆದಿಡುವ ನಿರುಪದ್ರವಿ ಜೀವಿಗಳು.

“ದೊಡ್ಡಪ್ಪ, ಇವು ನಿಜವಾಗಿಯೂ ಬೇಡದವು. ತೆಗೆದುಬಿಡಲೇ?”

“ಸುಮ್ಮನಿರು. ಅದರಲ್ಲಿ ಯಾರ ಜಾತಕ ಇದೆಯೋ ಯಾರಿಗೆ ಗೊತ್ತು?”

ಈಗ ಅವಕ್ಕಾಗಿಯೇ ‘ವಿಚಾರಣೆಯಲ್ಲಿವೆ’ ಎಂಬ ಫೋಲ್ಡರ್ ಮಾಡಿ, ಒಂದೊಂದನ್ನೂ ಅಲ್ಲಿಗೆ ಸಾಗಿಸುತ್ತಿದ್ದಾರೆ. ಒಂದೇ ಹೆಸರಿನವಾದ್ದರಿಂದ ಒಂದು, ಎರಡು, ಮೂರು ಎಂದು ಸಂಖ್ಯೆಯನ್ನೂ ಕೊಟ್ಟಿದ್ದಾರೆ. ಕುತೂಹಲ ತಡೆಯಲಾರದೆ ನಾನು ಮೊನ್ನೆ ಅದನ್ನು ನನ್ನ ಮ್ಯಾಕ್‌ನಲ್ಲಿ ತೆರೆದು ನೋಡಿದೆ. ಹತ್ತು ನಿಮಿಷದಲ್ಲಿ ದೊಡ್ಡಪ್ಪನ ಸಂದೇಶ: “ಒಳಗೆ ಡಿಎಸ್ ಎಂದು ಹೊಸಬನೊಬ್ಬ ಬಂದಿದ್ದಾನೆ. ಅವನಿಗೂ ಸಂಖ್ಯೆ ಕೊಡಲೇ?”