ಭಾವನ ತಿಥಿಗೆ ಚಂದಾ ಕೇಳ್ತಿದ್ದೇವೆ, ಹೌದು

ಮುಂದಿನ ತಿಂಗಳು ಭಾವನ ವರ್ಷದ ತಿಥಿ. ಮನೆ ಮಟ್ಟಿಗೆ ಮುಗಿಸಿ, ಛತ್ರಕ್ಕೂ ಅಡುಗೆಯವರಿಗೂ ಹೋಗುವ ದುಡ್ಡನ್ನು ಹಾಸ್ಪೈಸ್‌ಗೆ, ಅಂದರೆ ವಾಸಿಯಾಗದ ಕಾಯಿಲೆಯವರನ್ನು ಕೊನೆತನಕ ನೋಡಿಕೊಳ್ಳುವ ಜಾಗಕ್ಕೆ ಕೊಡೋಣ, ನೆಂಟರನ್ನೂ ಕೇಳೋಣ ಅಂತ ಅಕ್ಕ ಹೇಳಿದಳು. "ಸತ್ತವನ ಹೆಸರಲ್ಲಿ ಚಂದಾ ಎತ್ತೋದೇನಮ್ಮಾ?" ಅಂತ ದೊಡ್ಡಪ್ಪ ಮುಖ ಗಂಟಿಕ್ಕಿದರು.

ಯಾಕೆ ಎತ್ತಬಾರದು? ಗಣೇಶನ ಪೆಂಡಾಲಿಗೆ, ಆರ್ಕೆಸ್ಟ್ರಾಗೆ ಎತ್ತುವಾಗ ಇಲ್ಲದ ನಾಚಿಕೆ ಇದಕ್ಕೆ ಮಾತ್ರ ಯಾಕೆ?

ಮಗುವಿನ ಆಪರೇಷನ್ ಅಂದರೆ ಗುರುತಿಲ್ಲದವರೂ ದುಡ್ಡು ಹಾಕುತ್ತಾರೆ. ಒಳ್ಳೆಯದೇ. ಆದರೆ ಉಳಿಯಲ್ಲ ಅಂತ ಡಾಕ್ಟರ್ ಕೈಚೆಲ್ಲಿದ ಮೇಲೆ ಯಾರ ಕೈಯೂ ಜೇಬಿಗೆ ಹೋಗಲ್ಲ. ಇನ್ನೇನು ಖರ್ಚಿದೆ ಅನ್ನೋ ಲೆಕ್ಕ.

ಖರ್ಚು ಏನಂತ ನಾನು ಕಣ್ಣಾರೆ ನೋಡಿದ್ದೇನೆ. ಭಾವನದು ಬಾಯಿ ಕ್ಯಾನ್ಸರ್, ಗುಟ್ಕಾ ಕೊಟ್ಟ ಬಳುವಳಿ. ಕೆನ್ನೆಯ ಹುಣ್ಣು ಒಡೆದು, ಆ ವಾಸನೆಗೆ ಮಕ್ಕಳೇ ರೂಮಿಗೆ ಹೋಗುತ್ತಿರಲಿಲ್ಲ, ಅದು ಭಾವನಿಗೂ ಗೊತ್ತಾಗುತ್ತಿತ್ತು. ಮನೆಗೆ ಬಂದ ನರ್ಸ್ ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಿ ಡ್ರೆಸಿಂಗ್ ಮಾಡಿದರು, ಅಕ್ಕನಿಗೂ ಕಲಿಸಿದರು. ಕೆಲವೇ ದಿನಕ್ಕೆ ವಾಸನೆ ಇಳಿಯಿತು, ಸಣ್ಣವನು ಹೋಗಿ ಅಪ್ಪನ ಪಕ್ಕ ಕೂತು ಕ್ರಿಕೆಟ್ ನೋಡಿದ. ನೋವಿಗೆ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್. ಮಾತ್ರೆಗಳೇನೂ ದುಬಾರಿಯಲ್ಲ. ಅದನ್ನು ತಿಳಿದು ಕೊಡುವವರು, ಹುಣ್ಣು ಮುಟ್ಟಲು ಹೇಸದವರು ಬೇಕು, ಅವರಿಗೆ ತಿಂಗಳು ತಿಂಗಳು ಸಂಬಳ ಬೇಕು.

ಬೆಂಗಳೂರಿನ ಮಾರತಹಳ್ಳಿ ಹತ್ತಿರ ಕರುಣಾಶ್ರಯ ಇದೆಯಲ್ಲ, 1994ರಲ್ಲಿ ಟ್ರಸ್ಟ್ ಆಗಿ, 1999ರಿಂದ ಕ್ಯಾನ್ಸರಿನ ಕೊನೆ ಹಂತದವರನ್ನು ನೋಡಿಕೊಳ್ಳುತ್ತಿದೆ. ಬಡವ ಶ್ರೀಮಂತ ಅಂತಿಲ್ಲ, ಯಾರಿಗೂ ಬಿಲ್ ಇಲ್ಲ. ಬಿಲ್ ಇಲ್ಲ ಅಂದರೆ ಆ ದುಡ್ಡು ಬೇರೆ ಯಾರೋ ಕೊಡುತ್ತಿದ್ದಾರೆ ಅಂತ ಅರ್ಥ, ಅಲ್ವಾ? ಕೇರಳದಲ್ಲಂತೂ 1990ರ ದಶಕದಿಂದಲೇ ಊರಿನವರೇ ಚಿಲ್ಲರೆ ಚಿಲ್ಲರೆ ಸೇರಿಸಿ, ಮನೆ ಮನೆಗೆ ಹೋಗಿ ಇಂಥ ರೋಗಿಗಳನ್ನು ನೋಡಿಕೊಳ್ಳುತ್ತಾರೆ. ನಮ್ಮಲ್ಲಿ ಜಾತ್ರೆಗೆ ಸೇರಿಸುವ ಜನ ಇದಕ್ಕೂ ಸೇರಿಸಬಹುದು.

ಇನ್ನೊಂದು ಮಾತು, ಸ್ವಲ್ಪ ಕಟುವಾಗಿ. ಹಣ್ಣು, ಕಂಬಳಿ ಹಂಚಿ ಫೋಟೊ ತೆಗೆಸಿಕೊಳ್ಳೋದು, ದಾನಿಗಳ ಹೆಸರಿನ ಕಲ್ಲು ಹಾಕಿಸೋದು ನನಗಿಷ್ಟವಿಲ್ಲ. ಹಾಸಿಗೆ ಹಿಡಿದವರ ಜೊತೆ ಸೆಲ್ಫಿಯಂತೂ ದಯವಿಟ್ಟು ಬೇಡ. ಸುಮ್ನೆ ದುಡ್ಡು ಕೊಡಿ, ಡೈಪರಿಗೋ ಆಂಬುಲೆನ್ಸ್ ಡೀಸೆಲಿಗೋ ಅಂತ ಅವರೇ ನೋಡಿಕೊಳ್ಳುತ್ತಾರೆ. ಒಂದೇ ಸಲ ಜಾಸ್ತಿ ಕೊಡುವುದಕ್ಕಿಂತ ಪ್ರತಿ ತಿಂಗಳು ಇನ್ನೂರು ರೂಪಾಯಿ ಬಂದರೆ ಸಂಬಳದ ಲೆಕ್ಕ ಹಾಕುವವರಿಗೆ ಧೈರ್ಯ.

ನೆಂಟರಿಗೆ, ಸ್ನೇಹಿತರಿಗೆ: ನನ್ನ ಅಕೌಂಟಿಗೆ ಹಾಕಬೇಡಿ. ನಿಮ್ಮೂರಿನ ಹತ್ತಿರ ಇಂಥ ಜಾಗ ಇದ್ದರೆ ಅಲ್ಲಿಗೇ ನೇರವಾಗಿ ಕೊಡಿ, ರಸೀದಿ ನಿಮ್ಮ ಹೆಸರಿಗೇ ಬರಲಿ. 80ಜಿ, ಅಂದರೆ ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ, ಇದೆಯಾ ಕೇಳಿ. ತೆರಿಗೆ ವಿನಾಯಿತಿ ಹಳೇ ಪದ್ಧತಿಯವರಿಗೆ ಮಾತ್ರ, ಅದೂ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಸಿಗಲ್ಲ. ದೊಡ್ಡಪ್ಪ ಇನ್ನೂ ಒಪ್ಪಿಲ್ಲ. ಅವರಿಗೆ ಹೋಳಿಗೆ ಊಟ ಮನೆಯಲ್ಲೇ ಇದೆ.