ವಿಮಾನ ಗುಜರಿಗೆ, ಚಮಚ ಗಾಜಿನ ಪೆಟ್ಟಿಗೆಗೆ

ಬೋಯಿಂಗ್ 377 ಸ್ಟ್ರ್ಯಾಟೊಕ್ರೂಸರ್ ಎಂಬ ವಿಮಾನ ಒಟ್ಟು ತಯಾರಾದದ್ದು 56. ಎರಡು ಅಂತಸ್ತು. ಕೆಳಗಿನ ಅಂತಸ್ತಿನಲ್ಲಿ ಬಾರು, ಅಲ್ಲಿಗೆ ಇಳಿಯಲು ಸುರುಳಿ ಮೆಟ್ಟಿಲು. 1950ರ ಆಸುಪಾಸಿನಲ್ಲಿ ಸಾಗರ ದಾಟುವ ಹಣವಂತರಿಗೆ ಇದಕ್ಕಿಂತ ದೊಡ್ಡ ಠೀವಿ ಇರಲಿಲ್ಲ. ಈಗ ಆ 56ರಲ್ಲಿ ಇಡಿಯಾಗಿ ಉಳಿದಿರುವುದು ಎಷ್ಟು? ಒಂದೂ ಇಲ್ಲ. ಆದರೆ ಗಾಬರಿ ಬೇಡ. ಆ ಕಾಲದ ವಿಮಾನಗಳಲ್ಲಿ ಪಾನೀಯ ಕಲಕಲು ಕೊಡುತ್ತಿದ್ದ ಪುಟಾಣಿ ಕಡ್ಡಿಗಳು ಉಳಿದಿವೆ. ಇಸ್ಪೀಟ್ ಎಲೆ ಉಳಿದಿದೆ. ಬೆಂಕಿಪೊಟ್ಟಣ ಉಳಿದಿದೆ. ಅವಕ್ಕೆ ಗಾಜಿನ ಪೆಟ್ಟಿಗೆ ಇದೆ, ಮೇಲೊಂದು ದೀಪ ಇದೆ, ಜೊತೆಗೆ ವಿಮೆಯೂ ಇರಬಹುದು. ಅರವತ್ತು ಟನ್ ತೂಗುವ ವಿಮಾನವನ್ನು ಕಾಪಾಡಲಾಗದ ಮನುಷ್ಯ ಅದರ ಕಡ್ಡಿಯನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದಾನೆ.

ಜೆಟ್ ಬರುವ ಮೊದಲಿನ ಪ್ರೊಪೆಲ್ಲರ್ ಕಾಲದ ವಿಮಾನಗಳ ನೆನಪಿನ ವಸ್ತು ಕೂಡಿಡುವವರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಅವರ ನ್ಯಾಯಶಾಸ್ತ್ರ ಗೊತ್ತಿರಬೇಕು. ವಿಮಾನ ಕಂಪನಿಗಳು ಊಟದ ಚಮಚವನ್ನು ಪ್ರಯಾಣಿಕರಿಗೆ ಮಾರುತ್ತಿರಲಿಲ್ಲ. ಉಂಡ ಮೇಲೆ ವಾಪಸ್ ಇಸಿದುಕೊಳ್ಳುತ್ತಿದ್ದವು. ಹಾಗಿದ್ದರೂ ಕಂಪನಿಯ ಹೆಸರು ಕೆತ್ತಿದ ಚಮಚಗಳು ಇಂದು ಹರಾಜಿನಲ್ಲಿ ರಾಶಿ ರಾಶಿ ಸಿಗುತ್ತವೆ. ಕೆಲವು ಕಂಪನಿಗಳು ಮುಚ್ಚಿದಾಗ ಮಾರಿದವು, ಒಪ್ಪೋಣ. ಉಳಿದವು ಹೇಗೆ ಬಂದವು ಅಂತ ಕೇಳಿ ನೋಡಿ.

"ಇದು ಅಸಲಿ ತಾನೇ ಸಾರ್?"

"ಅಸಲಿ ಅಲ್ದೆ ಮತ್ತೇನ್ರೀ? ನಮ್ಮ ತಾತ ಸ್ವತಃ ಕೋಟಿನ ಜೇಬಿಗೆ ಹಾಕ್ಕೊಂಡು ಇಳಿದದ್ದು."

"ಬರೆದು ಕೊಡ್ತೀರಾ?"

"ಓಹೋ, ಸಹಿ ಹಾಕಿ ಕೊಡ್ತೀನಿ. ಯಾವ ದಿನ, ಯಾವ ವಿಮಾನ, ಎಲ್ಲಾ ಬರೀತೀನಿ."

ಪೊಲೀಸರು ಬಾಯಿ ಬಿಡಿಸಲು ಹೆಣಗಾಡುವ ತಪ್ಪೊಪ್ಪಿಗೆ ಇಲ್ಲಿ ತಾನಾಗಿ, ದಿನಾಂಕ ಸಮೇತ ಸಿಗುತ್ತದೆ. ಅದಿದ್ದರೆ ಬೆಲೆಯೂ ಜಾಸ್ತಿ. ತಾತ ಪ್ರಾಮಾಣಿಕರಾಗಿದ್ದು ಚಮಚವನ್ನು ತಟ್ಟೆಯಲ್ಲೇ ಬಿಟ್ಟು ಬಂದಿದ್ದರೆ, ಪಾಪ, ಮೊಮ್ಮಕ್ಕಳಿಗೆ ಏನೂ ಸಿಗುತ್ತಿರಲಿಲ್ಲ.

ವಾಂತಿ ಚೀಲದ ವಿಷಯ ಇನ್ನೂ ಸೂಕ್ಷ್ಮ. ಒಳಗೆ ಪ್ಲಾಸ್ಟಿಕ್ ಪದರ ಇರುವ ಚೀಲವನ್ನು 1949ರಲ್ಲಿ ನಾರ್ತ್‌ವೆಸ್ಟ್ ಓರಿಯಂಟ್ ವಿಮಾನ ಕಂಪನಿಗೆ ಮಾಡಿಕೊಟ್ಟವರು ಗಿಲ್ಮೋರ್ ಶೆಲ್ಡಾಲ್. ಅಂಥ ಚೀಲಗಳನ್ನೇ ಆರು ಸಾವಿರಕ್ಕೂ ಮೇಲೆ ಕೂಡಿಟ್ಟು ಗಿನ್ನೆಸ್ ದಾಖಲೆಗೆ ಸೇರಿದವರೂ ಇದ್ದಾರೆ. ಚೀಲ ಖಾಲಿ ಇರಬೇಕು, ಮಡಿಕೆ ಮಾಸಿರಬಾರದು ಎಂಬುದು ಇಲ್ಲಿನ ಕಟ್ಟುನಿಟ್ಟು. ಹುಟ್ಟಿದ್ದೇ ಯಾವ ಕೆಲಸಕ್ಕೋ ಆ ಕೆಲಸವನ್ನು ನಿಷ್ಠೆಯಿಂದ ಮಾಡಿದ ಚೀಲಕ್ಕೆ ಕಾಸಿನ ಬೆಲೆ ಇಲ್ಲ. ಏನೂ ಮಾಡದೆ ಸೀಟಿನ ಹಿಂದೆ ಸುಮ್ನೆ ಕುಳಿತಿದ್ದದ್ದು ಈಗ ಚೌಕಟ್ಟಿನೊಳಗೆ. ಸರ್ಕಾರಿ ಕಚೇರಿಯ ಬಡ್ತಿ ಪಟ್ಟಿ ನೋಡಿದವರಿಗೆ ಇದು ಹೊಸದಲ್ಲ ಬಿಡಿ.

ಆ ಚೀಲ ಯಾಕೆ ಬೇಕಾಗುತ್ತಿತ್ತು ಎಂಬುದನ್ನು ಮಾತ್ರ ಯಾರೂ ನೆನಪಿಸಬಾರದು. "ಆಹಾ, ಆ ಕಾಲದ ಪ್ರಯಾಣವೇ ಪ್ರಯಾಣ" ಎಂದು ಶುರುವಾಗುವ ಮಾತಿಗೆ ಅಡ್ಡಿಯಾಗುತ್ತದೆ. ಆ ಕಾಲದ ಪ್ರಯಾಣಿಕರ ವಿಮಾನ ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಅದರ ಒಳಗೆ ಗಾಳಿಯ ಒತ್ತಡ ಕಾಪಾಡುವ ಏರ್ಪಾಟು ಇರಲಿಲ್ಲ. ಹಾಗಾಗಿ ತುಂಬಾ ಮೇಲೆ ಹೋಗುವಂತಿಲ್ಲ. ಮೋಡ, ಮಳೆ, ಬಿಸಿಗಾಳಿ ಎಲ್ಲದರ ನಡುವೆಯೇ ನುಗ್ಗಬೇಕು. ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಹೋಗಲು ನಡುವೆ ಮೂರು ಕಡೆ ಇಳಿದು, ಹದಿನೈದು ಗಂಟೆಗೂ ಮೇಲೆ ಕುಲುಕಾಡಬೇಕು. ಕಿವಿ ಕಟ್ಟದಿರಲಿ ಅಂತ ಚ್ಯೂಯಿಂಗ್ ಗಮ್ ಕೊಡುತ್ತಿದ್ದರು. ಇಳಿದ ಮೇಲೂ ಕಿವಿಯಲ್ಲಿ ಎಂಜಿನ್ ಓಡುತ್ತಲೇ ಇರುತ್ತಿತ್ತು. ಸತ್ತ ಎಮ್ಮೆ ಸೇರುಗಟ್ಟಲೆ ಹಾಲು ಕೊಡ್ತಿತ್ತು ಅಂತಾರಲ್ಲ, ಈ ಎಮ್ಮೆಗೆ ಎರಡು ರೆಕ್ಕೆ ಇದ್ದವು, ಅಷ್ಟೇ.

ಎಂಜಿನ್ ಪುರಾಣವನ್ನಂತೂ ಹೇಳಲೇಬೇಕು. ಸ್ಟ್ರ್ಯಾಟೊಕ್ರೂಸರ್‌ನ ಒಂದೊಂದು ಎಂಜಿನ್ನಿಗೂ 28 ಸಿಲಿಂಡರು. ಸಿಲಿಂಡರಿಗೆ ಎರಡರಂತೆ ಸ್ಪಾರ್ಕ್ ಪ್ಲಗ್. ನಾಲ್ಕು ಎಂಜಿನ್ ಲೆಕ್ಕ ಹಾಕಿದರೆ ಒಂದು ವಿಮಾನಕ್ಕೆ 224 ಪ್ಲಗ್. ಅವನ್ನೆಲ್ಲ ಬದಲಿಸುತ್ತಾ ಕೂತ ಮೆಕ್ಯಾನಿಕ್ ಬಾಯಲ್ಲಿ ಆಗ ಏನೇನು ಮಾತು ಬಂತೋ, ಇಂದು ಅದೇ ಪ್ಲಗ್ಗು ಮರದ ಪೀಠದ ಮೇಲೆ ಕುಳಿತು ಸುವರ್ಣಯುಗದ ಸಾಕ್ಷಿಯಾಗಿದೆ. ಡಿಸಿ-7 ಮತ್ತು ಸೂಪರ್ ಕಾನ್ಸ್ಟಲೇಷನ್ ವಿಮಾನಗಳ ಎಂಜಿನ್ನಿನಲ್ಲಿ ಹೊಗೆಯ ವೇಗದಿಂದಲೇ ಶಕ್ತಿಯನ್ನು ಮರಳಿ ಪಡೆಯುವ ಮೂರು ಟರ್ಬೈನ್ ಇದ್ದವು. ಅವುಗಳ ಅಧಿಕೃತ ಹೆಸರು ಶಕ್ತಿ ವಾಪಸಾತಿ ಟರ್ಬೈನ್. ಮೆಕ್ಯಾನಿಕ್‌ಗಳು ಇಟ್ಟ ಹೆಸರು ಬಿಡಿಭಾಗ ವಾಪಸಾತಿ ಟರ್ಬೈನ್. ನಾಲ್ಕು ಎಂಜಿನ್ನಿನ ಕಾನ್ಸ್ಟಲೇಷನ್ನನ್ನು ಜಗತ್ತಿನ ಅತ್ಯುತ್ತಮ ಮೂರು ಎಂಜಿನ್ನಿನ ವಿಮಾನ ಎಂದು ಹಾಸ್ಯ ಮಾಡುತ್ತಿದ್ದರು. ಎಷ್ಟೋ ಸಲ ಊರು ಮುಟ್ಟುವ ಹೊತ್ತಿಗೆ ಓಡುತ್ತಿದ್ದದ್ದು ಮೂರೇ. ಆ ನಾಲ್ಕನೆಯದರ ತುಂಡು ಯಾರ ಮೇಜಿನ ಮೇಲೆ ಕಾಗದ ಹಾರದಂತೆ ತಡೆಯುತ್ತಿದೆಯೋ! ಅಂತೂ ಈಗಲಾದರೂ ಕೊಟ್ಟ ಕೆಲಸವನ್ನು ಕೆಡದೆ ಮಾಡುತ್ತಿದೆ.

ಊಟದ ಮೆನು ಕಾರ್ಡು ಕೂಡಿಡುವವರು ಒಂದು ಕೈ ಮೇಲೆ. ಅವರ ಬಳಿ ಹೋದರೆ 1958ರ ಸ್ಯಾಂಡ್‌ವಿಚ್ ಯುದ್ಧದ ಕಥೆ ತಪ್ಪದೆ ಬರುತ್ತದೆ. ಆ ವರ್ಷ ಅಟ್ಲಾಂಟಿಕ್ ಮೇಲೆ ಎಕಾನಮಿ ದರ್ಜೆ ಶುರುವಾಯಿತು. ಕಮ್ಮಿ ದುಡ್ಡು ಕೊಟ್ಟವರಿಗೆ ಬರೀ ಸ್ಯಾಂಡ್‌ವಿಚ್ ಅಂತ ಕಂಪನಿಗಳ ನಡುವೆ ಒಪ್ಪಂದ. ಸ್ಕ್ಯಾಂಡಿನೇವಿಯದ ಎಸ್‌ಎಎಸ್ ತನ್ನ ನಾಡಿನ ಪದ್ಧತಿಯಂತೆ ಒಂದೇ ಬ್ರೆಡ್ಡಿನ ಮೇಲೆ ತರಾವರಿ ಪೇರಿಸಿ ಕೊಟ್ಟಿತು. ಅಮೆರಿಕದ ಪ್ಯಾನ್ ಆಮ್ ದೂರು ಕೊಟ್ಟಿತು. ಬಡ ಪ್ರಯಾಣಿಕರ ಹೊಟ್ಟೆ ತುಂಬುತ್ತಿದೆ ಎಂಬುದೇ ದೂರಿನ ಸಾರ. ವಿಮಾನ ಕಂಪನಿಗಳ ಒಕ್ಕೂಟ ಐಯಾಟಾ ವಿಚಾರಣೆ ನಡೆಸಿ ಎಸ್‌ಎಎಸ್‌ಗೆ 20,000 ಡಾಲರ್ ದಂಡ ಹಾಕಿತು. ಸಾಗರದ ಮೇಲೆ ಎಂಜಿನ್ ನಿಂತರೆ ವಿಧಿ, ಸ್ಯಾಂಡ್‌ವಿಚ್ ದಪ್ಪವಾದರೆ ಅಪರಾಧ. ಉಡುಗೊರೆಗೂ ಇಂಥದೇ ಕಡಿವಾಣ ಇತ್ತು. ಡಚ್ಚರ ಕೆಎಲ್ಎಂ 1952ರಲ್ಲಿ ನೀಲಿ ಬಿಳಿ ಪಿಂಗಾಣಿಯ ಪುಟ್ಟ ಮನೆ ಮಾಡಿಸಿ, ಅದರೊಳಗೆ ಜೆನೆವರ್ ಮದ್ಯ ತುಂಬಿಸಿತು. ಉಡುಗೊರೆ ಎಲ್ಲಿ ಸ್ವಾಮಿ, ನಾವು ಕೊಟ್ಟದ್ದು ಪಾನೀಯ ಎಂಬುದು ವಾದ. ಆ ಮನೆಗಳು ಇವತ್ತಿಗೂ ವರ್ಷಕ್ಕೊಂದರಂತೆ ಹೊಸದಾಗಿ ಬರುತ್ತಿವೆ. ಅವನ್ನು ಪೂರ್ತಿ ಸಾಲಾಗಿ ಜೋಡಿಸುವುದೇ ಜೀವನದ ಗುರಿ ಎಂದುಕೊಂಡವರಿದ್ದಾರೆ. ಸ್ವಂತ ಮನೆ ಆಮೇಲೆ ನೋಡಿಕೊಂಡರಾಯಿತು.

ಇಷ್ಟೆಲ್ಲ ಬರೀ ಹುಚ್ಚು, ಯಾರಿಗೂ ನಷ್ಟವಿಲ್ಲ. ನಿಜವಾದ ತಮಾಷೆ ಬರುವುದು ವಿಮಾನದ ಮೈಗೇ ಕತ್ತರಿ ಬಿದ್ದಾಗ. ಹಳೆಯ ಡಿಸಿ-3 ಒಂದು ಹುಲ್ಲಿನ ನಡುವೆ ಕೊಳೆಯುತ್ತಾ ನಿಂತಿದೆ ಅಂದುಕೊಳ್ಳಿ. ಅದನ್ನು ನಿಲ್ಲಿಸಲು ಜಾಗ ಕೊಡಿ ಎಂದರೆ ಯಾರೂ ಇಲ್ಲ. ಬಣ್ಣ ಬಳಿಯಲು ದುಡ್ಡು ಕೊಡಿ ಎಂದರೆ ಯಾರೂ ಇಲ್ಲ. ಅದೇ ವಿಮಾನದ ತಗಡನ್ನು ಕೀಚೈನ್ ಗಾತ್ರಕ್ಕೆ ಕತ್ತರಿಸಿ, ಪ್ರತಿ ತುಂಡಿಗೂ ನಂಬರು ಹಾಕಿ, "ಇತಿಹಾಸದ ಒಂದು ಚೂರು ನಿಮ್ಮ ಕೈಯಲ್ಲಿ" ಎಂದು ಮಾರಲು ಇಟ್ಟರೆ ಸಾಲು ನಿಲ್ಲುತ್ತದೆ. ಇಡೀ ವಿಮಾನಕ್ಕೆ ಕಿಲೋ ಲೆಕ್ಕ, ಚೂರಿಗೆ ಗ್ರಾಂ ಲೆಕ್ಕ. ಹೇಗೂ ಗುಜರಿಗೆ ಹೋಗುತ್ತಿತ್ತು, ನಾವು ಉಳಿಸಿದೆವು ಅನ್ನುತ್ತಾರೆ ಮಾರುವವರು. ಅದೂ ಸುಳ್ಳಲ್ಲ. ಗುಜರಿಯವನು ನಾಲ್ಕು ಹೋಳು ಮಾಡುತ್ತಿದ್ದ, ಪ್ರೇಮಿಗಳು ಹತ್ತು ಸಾವಿರ ಮಾಡಿದರು.

ಇನ್ನು ಮ್ಯೂಸಿಯಂನವರು ಹೇಗೋ ದುಡ್ಡು ಹೊಂದಿಸಿ ಒಂದು ವಿಮಾನ ತಂದರು ಅನ್ನಿ. ಕಾಕ್‌ಪಿಟ್ ಬಾಗಿಲು ತೆಗೆದರೆ ಹಲ್ಲು ಕಿತ್ತ ಬಾಯಿ. ಗಡಿಯಾರ ಇಲ್ಲ, ದಿಕ್ಸೂಚಿ ಇಲ್ಲ, ಪೈಲಟ್ಟಿನ ಸ್ಟಿಯರಿಂಗೂ ಇಲ್ಲ. ಅವೆಲ್ಲ "ಸುರಕ್ಷಿತ ಕೈಗಳಿಗೆ" ಎಂದೋ ತಲುಪಿವೆ. ವಿಮಾನದ ಮೇಲೆ ಪ್ರಾಣವನ್ನೇ ಇಟ್ಟವರ ಗೋಡೆಯ ಮೇಲಿವೆ. ಬೇಕಾದರೆ ಹರಾಜಿನಲ್ಲಿ ಕೂಗಿ ವಾಪಸ್ ಕೊಳ್ಳಬಹುದು. ಒಂದೇ ಸಮಾಧಾನ ಏನೆಂದರೆ ಆ ಕಾಲದ ಎಷ್ಟೋ ಮೀಟರುಗಳ ಮುಳ್ಳು ಮತ್ತು ಅಂಕಿಗಳಿಗೆ ಕತ್ತಲಲ್ಲಿ ಹೊಳೆಯಲು ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಹೊಳಪು ಎಂದೋ ಆರಿದೆ, ವಿಕಿರಣ ಆರಿಲ್ಲ. ಮಲಗುವ ಕೋಣೆಯಲ್ಲಿ ನೇತುಹಾಕಿಕೊಂಡವರು ಸುಖವಾಗಿರಲಿ.

ಬಿಡಿಭಾಗದ ಪ್ರೇಮಿಗಳನ್ನೇ ಬೈದರೆ ತಪ್ಪಾಗುತ್ತದೆ, ದೊಡ್ಡವರ ಕಥೆಯನ್ನೂ ಕೇಳಿ. ಲಾಕ್‌ಹೀಡ್ ಸ್ಟಾರ್‌ಲೈನರ್ ಪ್ರೊಪೆಲ್ಲರ್ ಕಾಲದ ಕೊನೆಯ ರಾಣಿ. 1957ರ ಜೂನ್‌ನಲ್ಲಿ ಸೇವೆಗೆ ಬಂತು. 1958ರ ಅಕ್ಟೋಬರ್‌ನಲ್ಲಿ ಪ್ಯಾನ್ ಆಮ್‌ನ ಬೋಯಿಂಗ್ 707 ಜೆಟ್ ಅಟ್ಲಾಂಟಿಕ್ ದಾಟಿತು. ಅಲ್ಲಿಗೆ ರಾಣಿಯ ಕಥೆ ಮುಗಿಯಿತು. ತಯಾರಾದ 44ರಲ್ಲಿ ಉಳಿದದ್ದು ನಾಲ್ಕು. ಅಂದು ಇವುಗಳಿಂದ ಯಾವಾಗ ಕೈ ತೊಳೆದುಕೊಂಡೇವು ಎಂದಿದ್ದ ಕಂಪನಿಗಳಲ್ಲಿ ಜರ್ಮನಿಯ ಲುಫ್ತಾನ್ಸಾ ಕೂಡ ಒಂದು. ಅರ್ಧ ಶತಮಾನ ಆದ ಮೇಲೆ ಅದಕ್ಕೆ ಪ್ರೀತಿ ಉಕ್ಕಿತು. 2007ರಲ್ಲಿ ಅದರ ಪ್ರತಿಷ್ಠಾನವು ಹರಾಜಿನಲ್ಲಿ ಮೂರು ಸ್ಟಾರ್‌ಲೈನರ್‌ಗಳನ್ನು ಕೊಂಡಿತು. ಒಂದನ್ನು ಮತ್ತೆ ಹಾರಿಸುವುದು ಗುರಿ. ಅಮೆರಿಕದ ಮೇನ್ ರಾಜ್ಯದಲ್ಲಿ ಹತ್ತು ವರ್ಷ ಕೆಲಸ ನಡೆಯಿತು. ದುಡ್ಡು ನೀರಿನಂತೆ ಹರಿಯಿತು. 2018ರಲ್ಲಿ ಸಾಕು ಎಂದರು. ಹಾರಬೇಕಿದ್ದ ವಿಮಾನವನ್ನು ಬಿಚ್ಚಿ, ಭಾಗ ಭಾಗವಾಗಿ ಕಟ್ಟಿ, ಹಡಗಿನಲ್ಲಿ ಜರ್ಮನಿಗೆ ಸಾಗಿಸಿದರು.

ಆ ಮೂರರಲ್ಲಿ ಇನ್ನೊಂದರ ಅದೃಷ್ಟ ಬೇರೆ. ಅಮೆರಿಕದ ಟಿಡಬ್ಲ್ಯುಎ ವಿಮಾನ ಕಂಪನಿಯಲ್ಲಿ ಕೆಲಸ ಶುರು ಮಾಡಿ, ಆಮೇಲೆ ಗಾಂಜಾ ಸಾಗಿಸುವವರ ಕೈಗೂ ಬಿದ್ದು ಹೊರಬಂದ ವಿಮಾನ ಅದು. 2019ರಲ್ಲಿ ಲಾರಿಯ ಮೇಲೆ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ಗೆ ಬಂದು ಮೆರೆಯಿತು. ಈಗ ಕೆನಡಿ ವಿಮಾನ ನಿಲ್ದಾಣದ ಹೋಟೆಲ್ ಒಂದರ ಅಂಗಳದಲ್ಲಿ ಬಾರಾಗಿ ನಿಂತಿದೆ. ಜನ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಾರೆ, ಸೀಟಿನಲ್ಲಿ ಕೂರುತ್ತಾರೆ, ಕುಡಿಯುತ್ತಾರೆ, ದುಡ್ಡು ಕೊಟ್ಟು ಹತ್ತಿದ ಜಾಗದಲ್ಲೇ ಇಳಿಯುತ್ತಾರೆ. ಎಂಥ ಅದ್ಭುತ ಅನುಭವ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ. ಅದೇ ನಿಲ್ದಾಣದ ಟರ್ಮಿನಲ್ಲುಗಳಲ್ಲಿ, ವಿಮಾನ ಇನ್ನೂ ಹೊರಟಿಲ್ಲ ಎಂದು ಇನ್ನೊಂದಷ್ಟು ಜನ ಕೌಂಟರಿನ ಹುಡುಗಿಯ ಮೇಲೆ ಕೂಗಾಡುತ್ತಿರುತ್ತಾರೆ.