ತೊಡೆಗೆ ಬಂದ ಬೂಟು

ಮೂರನೇ ಜೋಡಿಯೂ ವಾಪಸ್. ಹೊರಗೆ ಶಿರಸಿ ಮಳೆ ಧೋ ಎನ್ನುತ್ತಿದೆ. ನಾನು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದೇನೆ, ಮಡಚಲು ಆಗುತ್ತಿಲ್ಲ. ಇಂಗ್ಲಿಷ್ ರೈಡಿಂಗ್ ಬೂಟು ಮೊಣಕಾಲು ದಾಟಿ ತೊಡೆಗೆ ಬಂದಿದೆ. ಹೊರಬದಿಯ ಅಂಚು ಅಂದಕ್ಕೆ ಅಂತ ಕೊಂಬಿನ ಹಾಗೆ ಇನ್ನೂ ಎತ್ತರ ಬೇರೆ! "ಯಾವ ಯಕ್ಷಗಾನ ಮೇಳಕ್ಕೆ ಹೊರಟೆ?" ಅಂತ ಆಯಿ ಕೇಳಿದಳು.

4 ಅಡಿ 11 ಇಂಚಿನವರು ಕುದುರೆ ಹತ್ತಲೇಬಾರದಾ? ತಿಂಗಳಿಗೆರಡು ಸಲ ಬೆಂಗಳೂರಿಗೆ ಹೋಗಿ ಸವಾರಿ ಕಲಿಯುತ್ತೇನೆ. ಕುದುರೆಗೇ ಇಲ್ಲದ ತಕರಾರು ಬೂಟಿಗೆ ಯಾಕೆ?

ಪಾದಕ್ಕೆ ಸರಿಯಾದರೆ ಮೀನಖಂಡಕ್ಕೆ ಬಿಗಿ. ಮೀನಖಂಡಕ್ಕೆ ಸರಿಯಾದರೆ ಎತ್ತರ ಜಾಸ್ತಿ. ಎತ್ತರ ಸರಿಯಾದರೆ ಅದು ಮಕ್ಕಳ ಬೂಟು. ಅದರೊಳಗೆ ನನ್ನ ಕಾಲು ಹೋಗಬೇಕಲ್ಲ? ಅಡಿಕೆ ತೋಟದ ದರೆ ಹತ್ತಿ ಇಳಿದು ಬೆಳೆದ ಕಾಲು ಸ್ವಾಮಿ ಇದು!

"ಹೊಸದು ಸ್ವಲ್ಪ ಎತ್ತರವೇ ಇರಬೇಕು, ಕಾಲಗಂಟಿನ ಹತ್ತಿರ ಚರ್ಮ ಮಡಿಕೆ ಬಿದ್ದು ಒಂದಿಂಚು ಇಳಿಯುತ್ತೆ" ಅಂತಾರೆ. ಇಳಿಯಲಿ ಮಾರಾಯ್ರೆ. ನನಗೆ ಮೂರಿಂಚು ಇಳಿಯಬೇಕಲ್ಲ? ಅಷ್ಟರೊಳಗೆ ಮೊಣಕಾಲಿನ ಹಿಂದೆ ನನ್ನದೇ ಚರ್ಮ ಸುಲಿದಿರುತ್ತದೆ. ಅಲ್ಲಿಯವರೆಗೆ ಹಿಮ್ಮಡಿ ಕೆಳಗೆ ಪ್ಯಾಡ್ ಇಟ್ಟು ಕಾಲು ಎತ್ತರಿಸಿ ಎಂಬ ಉಪದೇಶ ಬೇರೆ. ಅಳತೆ ಕೊಟ್ಟು ಹೊಲಿಸಬೇಕಂತೆ. ಆ ದುಡ್ಡಿಗೆ ಕುದುರೆಯ ಬಾಲವಾದರೂ ಬರುತ್ತಿತ್ತು.

ಸರಿ, ಇಟ್ಟುಕೊಳ್ಳೋಣ ಅಂದರೆ ಈ ಮಳೆಗಾಲದಲ್ಲಿ ಚರ್ಮಕ್ಕೆ ಬೂಸ್ಟು ಬರಲು ನಾಲ್ಕು ದಿನ ಸಾಕು.

ಈಗ ನೋಡಿದರೆ ಎಡಗಾಲಿನದು ಬಿಚ್ಚುತ್ತಲೇ ಇಲ್ಲ. ಆಯಿ ಬೂಟು ಎಳೆಯುತ್ತಿದ್ದಾಳೆ, ತಮ್ಮ ನನ್ನನ್ನು ಎಳೆಯುತ್ತಿದ್ದಾನೆ. ವಾಪಸ್ ಒಯ್ಯಲು ಬಂದ ಕೊರಿಯರ್ ಹುಡುಗ ಬೇಲಿಯ ದಣಪೆ ಬಾಗಿಲ ಹತ್ತಿರ ನೆನೆಯುತ್ತಾ ನಿಂತಿದ್ದಾನೆ.